ಹಾಡುವವರು, ಆಡಿಸುವವರು

ಕಳೆದ ಏಪ್ರಿಲ್‌ನಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಕುಂಭಾಶಿಗೆ ಬಂದಿಳಿದಾಗ ಅವನ ಹೆಗಲ ಮೇಲೊಂದು ಗಿಟಾರ್ ಇತ್ತು. ರಜೆಯ ಹದಿನೈದು ದಿನವೂ ನಮ್ಮ ಜಗಲಿಯಲ್ಲಿ ಕೂತು ನುಡಿಸಿದ. ಇಂಗ್ಲಿಷಿನ ದೊಡ್ಡ ದೊಡ್ಡ ರಾಕ್ ಗಿಟಾರ್ ವಾದಕರ ತುಣುಕುಗಳನ್ನು ಒಂದು ಸ್ವರ ತಪ್ಪದ ಹಾಗೆ ಒಪ್ಪಿಸುತ್ತಿದ್ದ. ಬೆರಳು ತಂತಿಯ ಮೇಲೆ ಓಡುವ ವೇಗಕ್ಕೆ ನನ್ನ ಕಣ್ಣೇ ಸೋಲುತ್ತಿತ್ತು. ಅಪ್ಪಯ್ಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಕವಳ ಅಗಿಯುತ್ತ ಎಲ್ಲವನ್ನೂ ಕೇಳಿದರು. ಮೂರನೆಯ ದಿನ ಮೊಮ್ಮಗನೇ ತಡೆಯಲಾರದೆ ಕೇಳಿದ, "ಅಜ್ಜಯ್ಯಾ, ಹೇಗಿತ್ತು?"

ಅಪ್ಪಯ್ಯ ಅವನಿಗೆ ನೇರ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು, "ಮಾಣಿ ಲಾಯ್ಕ್ ನುಡ್ಸ್ತ. ಆರೆ ಆಡ್ಸುಕ್ ಗೊತ್ತಿಲ್ಲ."

ಹುಡುಗನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಆಟ ನೋಡುತ್ತ ಬೆಳೆದ ನಮ್ಮ ಕಡೆಯ ಯಾರಿಗಾದರೂ ಆಗುತ್ತದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತರ ಬಗ್ಗೆ ಮಾತು ಬಂದರೆ ಹಳಬರು ಮೊದಲು ತೂಗುವುದೇ ಇದನ್ನು. ಅವರು ಹಾಡುವ ಭಾಗವತರೋ, ಆಡಿಸುವ ಭಾಗವತರೋ? ಕಂಠ ಚೆಂದ, ಶ್ರುತಿ ಶುದ್ಧ, ತಾಳ ಭದ್ರ. ಇಷ್ಟಿದ್ದರೆ ಹಾಡುವ ಭಾಗವತರು. ಅದೂ ಸಣ್ಣ ಮಾತಲ್ಲ. ಆದರೆ ಆಡಿಸುವುದೆಂದರೆ ಬೇರೆಯೇ. ವೇಷಧಾರಿಯ ಕಾಲಲ್ಲಿ ಇವತ್ತು ಕಸುವಿದೆಯೋ ಇಲ್ಲವೋ ಎಂದು ಪ್ರವೇಶದಲ್ಲೇ ತಿಳಿದುಕೊಳ್ಳಬೇಕು. ಕುಣಿತ ಕಳೆಕಟ್ಟಿತೆಂದರೆ ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿ ಕೊಡಬೇಕು. ಸಪ್ಪೆಯಾಯಿತೆಂದರೆ ತಾಳ ಬಿಗಿಮಾಡಿ ಮುಕ್ತಾಯ ಹಾಕಿಸಬೇಕು. ಅರ್ಥಗಾರಿಕೆ ಉದ್ದವಾದರೆ ಪದ್ಯ ಬಿಡಬೇಕು, ಮುಂದಿನ ವೇಷ ಚೌಕಿಯಲ್ಲಿ ಇನ್ನೂ ಸಿದ್ಧವಾಗದಿದ್ದರೆ ಇದ್ದ ಪದ್ಯವನ್ನೇ ಹಿಗ್ಗಿಸಬೇಕು. ಗದ್ದೆಯ ಕೊನೆಯ ಸಾಲಿನಲ್ಲಿ ಕೂತವರು ಆಕಳಿಸಿದರೆ ಅದೂ ಗೊತ್ತಾಗಬೇಕು. ಇದನ್ನೆಲ್ಲ ಕೈಯಲ್ಲಿ ತಾಳ ಹಿಡಿದು, ಹಾಡುತ್ತಲೇ ಮಾಡಬೇಕು. ಮುಖಕ್ಕೆ ಬಣ್ಣ ಹಚ್ಚದಿದ್ದರೂ ಭಾಗವತರನ್ನು ಮೊದಲ ವೇಷ ಎಂದು ಕರೆಯುವುದು ಇದಕ್ಕೇ.

ರಾಕ್ ಸಂಗೀತದ ದೊಡ್ಡ ಹಾಡುಗಾರರನ್ನೂ ಗಿಟಾರ್ ವಾದಕರನ್ನೂ ಅಳೆಯಲು ಅಪ್ಪಯ್ಯ ಕೊಟ್ಟ ಈ ಕೋಲಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅವರು ಆ ಸಂಗೀತವನ್ನು ಜಗಲಿಯಲ್ಲಿ ಕೇಳಿದ್ದು ಬಿಟ್ಟರೆ ಬೇರೆ ಕೇಳಿದವರಲ್ಲ.

ಈ ಕೋಲು ನಮ್ಮೂರಿನವರಿಗೆ ಸಿಕ್ಕಿದ್ದು ಹೇಗೆ ಎಂದರೆ ಗುಂಡ್ಮಿಯ ಹೆಸರು ಹೇಳಬೇಕು. ಕುಂಭಾಶಿಯಿಂದ ಹೆದ್ದಾರಿ ಹಿಡಿದು ತೆಂಕಕ್ಕೆ ಹೊರಟರೆ ತೆಕ್ಕಟ್ಟೆ, ಕೋಟ ದಾಟಿ ಸಾಲಿಗ್ರಾಮದ ಹತ್ತಿರ ಸಿಗುವ ಊರು. ಭಾಗವತ ಕಾಳಿಂಗ ನಾವಡರು ಅಲ್ಲಿಯವರು. 1958ರಲ್ಲಿ ಹುಟ್ಟಿದರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರುಗಳು ನಾರಣಪ್ಪ ಉಪ್ಪೂರರು. ಸಾಲಿಗ್ರಾಮ ಮೇಳದ ಡೇರೆಯೊಳಗೆ ನಾವಡರು ಪದ್ಯ ಎತ್ತಿದರೆ ಟಿಕೆಟ್ ಸಿಗದವರು ಡೇರೆಯ ಹೊರಗೆ ನಿಂತು ಕೇಳುತ್ತಿದ್ದರಂತೆ. ಅವರೇ ಬರೆದ 'ನಾಗಶ್ರೀ' ಪ್ರಸಂಗದ ಹೆಸರು ಹೇಳಿದರೆ ಇವತ್ತಿಗೂ ಅರವತ್ತು ದಾಟಿದವರ ಮುಖ ಅರಳುತ್ತದೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷವೂ ತುಂಬಿರಲಿಲ್ಲ. ರಾಕ್ ಸಂಗೀತದ ಜಿಮಿ ಹೆಂಡ್ರಿಕ್ಸ್ ಮತ್ತು ಜಾನಿಸ್ ಜೋಪ್ಲಿನ್ ಇಬ್ಬರೂ 1970ರಲ್ಲಿ 27ನೇ ವಯಸ್ಸಿಗೆ ಹೋದರು ಎಂದು ಹುಡುಗರು ಈಗಲೂ ನೊಂದುಕೊಳ್ಳುತ್ತಾರಲ್ಲ, ಆ ಬಗೆಯ ದುಃಖ ನಮ್ಮ ಕರಾವಳಿಗೂ ಗೊತ್ತು.

ಅಪ್ಪಯ್ಯನ ಕಪಾಟಿನಲ್ಲಿ ನಾವಡರ ಕ್ಯಾಸೆಟ್ಟುಗಳಿವೆ. ಒಂದನ್ನು ಹಾಕಿದೆವು. ಟೇಪು ಹಳೆಯದು, ನಡುನಡುವೆ ಗೊರಗೊರ ಸದ್ದು. ಹುಡುಗ ಮೊಬೈಲ್ ತೆಗೆದು ಶ್ರುತಿ ತೋರಿಸುವ ಆ್ಯಪ್ ಒಂದನ್ನು ತೆರೆದು ಟೇಪ್ ರೆಕಾರ್ಡರಿನ ಪಕ್ಕ ಇಟ್ಟ. ಸ್ವರ ಸರಿಯಾಗಿ ಕೂತರೆ ಹಸಿರು ಗೆರೆ, ಸರಿದರೆ ಕೆಂಪು. ಅವನ ಕ್ಲಾಸಿನಲ್ಲಿ ಕಲಿಸುವುದು ಹಾಗೆ. ನಾವಡರ ಆಲಾಪಕ್ಕೆ ಆ ಗೆರೆ ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಹಸಿರಿಗೆ ಹಾರುತ್ತಲೇ ಇತ್ತು. ಒಂದು ಸ್ವರಕ್ಕೆ ಕೆಳಗಿನಿಂದ ಎಳೆದುಕೊಂಡು ಬಂದು, ಇನ್ನೇನು ಮುಟ್ಟಿದರು ಎನ್ನುವಾಗ ಅಲ್ಲೇ ಕೂದಲೆಳೆ ಕೆಳಗೆ ನಿಂತು, ಚಂಡೆಯ ಒಂದು ಪೆಟ್ಟು ಬಿದ್ದ ಮೇಲೆ ಮೇಲಕ್ಕೆ ಹತ್ತಿದರು. ಹತ್ತುವ ಮೊದಲು ಉಸಿರು ಎಳೆದುಕೊಂಡ ಸದ್ದು ಟೇಪಿನಲ್ಲಿ ಸ್ಪಷ್ಟವಾಗಿ ಕೇಳಿತು. ಹುಡುಗ ಮೊಬೈಲನ್ನೇ ನೋಡುತ್ತಿದ್ದವನು ಆ ಉಸಿರಿಗೆ ತಲೆ ಎತ್ತಿದ. "ಮಾವ, ಅದನ್ನು ಇನ್ನೊಮ್ಮೆ ಹಾಕಿ" ಎಂದ. ಟೇಪು ಹಿಂದಕ್ಕೆ ತಿರುಗಿಸಿ ಅದೇ ಜಾಗವನ್ನು ನಾಲ್ಕು ಸಲ ಕೇಳಿದೆವು. ನಾಲ್ಕನೆಯ ಸಲಕ್ಕೆ ಅವನೇ ಆ್ಯಪ್ ಮುಚ್ಚಿದ.

ಆ ತಡೆದು ನಿಂತ ಕ್ಷಣದಲ್ಲಿ ಏನಾಯಿತೆಂದು ಬಿಡಿಸಿ ಹೇಳಬಹುದು. ಭಾಗವತರು ಮೇಲಿನ ಸ್ವರವನ್ನು ತಾವೊಬ್ಬರೇ ಹೋಗಿ ಮುಟ್ಟಲಿಲ್ಲ. ಚಂಡೆಯವನಿಗಾಗಿ ಕಾದರು. ಕಾಯುವುದು ಕೇಳುವವನಿಗೂ ಗೊತ್ತಾಗುವ ಹಾಗೆ ಕಾದರು. ಹಾಗಾಗಿ ಸ್ವರ ಏರಿದಾಗ ಏರಿದ್ದು ಅವರೊಬ್ಬರೇ ಅಲ್ಲ, ಚಂಡೆ ಏರಿತು, ಜಗಲಿಯಲ್ಲಿ ಕೂತ ನಾವು ಮೂವರೂ ಏರಿದೆವು. ಆ ಸ್ವರವನ್ನು ಕಂಪ್ಯೂಟರಿನಲ್ಲಿ ಸರಿಮಾಡಿ ಗೆರೆಯ ಮೇಲೆ ಕೂರಿಸಿದ್ದರೆ ಈ ಕಾಯುವಿಕೆ ಅಳಿಸಿಹೋಗುತ್ತಿತ್ತು. ಈಗ ಹಾಡುಗಳನ್ನು ಮುದ್ರಿಸುವಾಗ ಉಸಿರಿನ ಸದ್ದನ್ನೂ ಕತ್ತರಿಸಿ ತೆಗೆಯುತ್ತಾರೆ. ಅದು ಕೊಳೆ ತೆಗೆದ ಹಾಗೆ ಎಂದು ತಿಳಿದಿದ್ದಾರೆ. ಬದುಕಿರುವವನೊಬ್ಬ ಹಾಡುತ್ತಿದ್ದಾನೆ ಎನ್ನುವುದಕ್ಕೆ ಇದ್ದ ಒಂದೇ ಗುರುತನ್ನು ಒರೆಸುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ.

ನಾವಡರನ್ನು ಎಲ್ಲರೂ ಒಪ್ಪಿದ್ದರು ಎಂದರೆ ಸುಳ್ಳಾಗುತ್ತದೆ. ಹಿಂದೂಸ್ತಾನಿ ರಾಗಗಳನ್ನು ಆಟಕ್ಕೆ ತಂದರು, ಆಲಾಪ ಬೆಳೆಸಿದರು, ಯಕ್ಷಗಾನದ ಮಟ್ಟು ಕೆಡಿಸಿದರು ಎಂಬ ಆಕ್ಷೇಪ ಅವರ ಕಾಲದಲ್ಲೇ ಇತ್ತು. ಇವತ್ತಿಗೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಈ ಜಗಳ ಕೇಳಬಹುದು. ಆಕ್ಷೇಪದಲ್ಲಿ ತಿರುಳಿಲ್ಲ ಎನ್ನಲಾರೆ. ನಾವಡರ ನಂತರ ಬಂದ ಎಷ್ಟೋ ಹುಡುಗರು ಅವರ ಆಲಾಪವನ್ನು ಮಾತ್ರ ಹಿಡಿದುಕೊಂಡರು, ವೇಷಧಾರಿಯನ್ನು ರಂಗದ ನಡುವೆ ಕಂಬದ ಹಾಗೆ ನಿಲ್ಲಿಸಿ ತಾವು ರಾಗ ಬೆಳೆಸಿದರು. ಅವರಿಗೆ ಧಾಟಿ ಬಂತು, ಆಡಿಸುವುದು ಬರಲಿಲ್ಲ. ದೊಡ್ಡ ಗಿಟಾರ್ ವಾದಕರ ಹಿಂದೆ ಹೋದ ಹುಡುಗರಿಗೂ ಆಗಿದ್ದು ಇದೇ. ಹೆಂಡ್ರಿಕ್ಸ್‌ನ ಉಪಕರಣ, ಹೆಂಡ್ರಿಕ್ಸ್‌ನ ಬೆರಳ ಓಟ ಎಲ್ಲ ಕೊಂಡುಕೊಳ್ಳಬಹುದು, ಕಲಿಯಬಹುದು.

ಹಾಗೆ ಕೊಂಡುಕೊಳ್ಳಲಾಗದ್ದು ಏನೆಂದು ತೋರಿಸುವ, ಬರ್ಮಿಂಗ್‌ಹ್ಯಾಮಿನ ಗಿಟಾರ್ ವಾದಕ ಟೋನಿ ಅಯೋಮಿಯ ಕಥೆಯನ್ನು ಆ ಸಂಜೆ ಹುಡುಗನೇ ಅಪ್ಪಯ್ಯನಿಗೆ ಹೇಳಿದ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ವಯಸ್ಸು 17. ಆ ಕೆಲಸದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅಯೋಮಿ ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಲ್ಲಿ ಗಿಟಾರಿನ ಸೋಲೋ ನುಡಿಸುತ್ತಿದ್ದ ಜ್ಯಾಂಗೊ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆಯನ್ನು ಕಾರ್ಖಾನೆಯ ಮೇಲ್ವಿಚಾರಕ ತಂದು ಕೇಳಿಸಿದನಂತೆ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಗಟ್ಟಿ ತಂತಿ ಒತ್ತಲಾಗದೆ ತೆಳ್ಳಗಿನ ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಬ್ಲ್ಯಾಕ್ ಸಬ್ಬಾತ್ ತಂಡದಲ್ಲಿ ಅವನು ನುಡಿಸಿದ ಆ ಭಾರವಾದ ನಾದವೇ ಹೆವಿ ಮೆಟಲ್ ಎಂಬ ಒಂದು ಬಗೆಯ ಸಂಗೀತಕ್ಕೇ ದಾರಿಯಾಯಿತು. ಅವನಿಗಿಂತ ಚುರುಕಾಗಿ ನುಡಿಸುವವರು ಊರೂರಿನಲ್ಲಿದ್ದಾರೆ. ಆ ನಾದ ಮಾತ್ರ ಅವನದು, ಅವನ ಗಾಯದ್ದು.

ಅಪ್ಪಯ್ಯ ಕಥೆ ಕೇಳಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಹಿರಿಯಡ್ಕದವ್ರ್ ಶ್ರುತಿ ಏರ್ಸ್ರ್, ಇವ್ರ್ ಇಳ್ಸ್ರ್" ಎಂದರು.

ಅವರು ನೆನೆದದ್ದು ಹಿರಿಯಡ್ಕ ಗೋಪಾಲ ರಾಯರನ್ನು. ಶ್ರುತಿ ಏರಿಸಿ ಕಟ್ಟಿದ 'ಏರು ಮದ್ದಳೆ'ಯನ್ನು ಬಡಗಿನ ರಂಗದಲ್ಲಿ ನೆಲೆಗೊಳಿಸಿದವರು. ಅಮೆರಿಕದಿಂದ ಬಂದ ಮಾರ್ತಾ ಆ್ಯಷ್ಟನ್ ಅವರಿಗೆ ಯಕ್ಷಗಾನ ಕಲಿಸಿದರು. ಆ ಶಿಷ್ಯೆ 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಂದಿಗೆ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ತಂದರು. ಗೋಪಾಲ ರಾಯರು 2020ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ಮದ್ದಳೆಯ ಪಾಠಗಳನ್ನು ಅವರಷ್ಟು ಬಲ್ಲವರು ಕಡಿಮೆ. ಆದರೆ ನುಡಿತವನ್ನು ಪದ್ಯದ ಕೆಳಗೆ ಇಡುವುದು, ಕುಣಿತಕ್ಕೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಮೇಲೆದ್ದು ಬರುವುದು, ಇದು ಪಾಠದಿಂದ ಬರುವಂಥದ್ದಲ್ಲ.

ಗಿಟಾರಿನಲ್ಲಿ ಈ ಗುಣ ನೋಡಬೇಕಾದರೆ ಬಿ. ಬಿ. ಕಿಂಗ್ ಅವರನ್ನು ಕೇಳಬೇಕು. ಅವರು ಬ್ಲೂಸ್‌ನವರು, ಆದರೆ ರಾಕ್ ಗಿಟಾರಿಗೆ ಅಜ್ಜಯ್ಯ ಇದ್ದ ಹಾಗೆ. ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಒಂದು ಸಾಲು ಹಾಡಿ ನಿಲ್ಲಿಸುವುದು, 'ಲೂಸಿಲ್' ಎಂದು ಹೆಸರಿಟ್ಟುಕೊಂಡ ಗಿಟಾರ್ ಅದಕ್ಕೆ ಉತ್ತರ ಕೊಡುವುದು. ಉತ್ತರ ಎಷ್ಟೋ ಸಲ ಒಂದೇ ಸ್ವರ. ಆ ಒಂದು ಸ್ವರವನ್ನು ಬೆರಳಿನಿಂದ ನಡುಗಿಸುತ್ತಾರೆ, ಅಷ್ಟೆ. ನಮ್ಮಲ್ಲಿ ಭಾಗವತರು ಪದ್ಯದ ಸಾಲು ಮುಗಿಸಿ ಬಿಟ್ಟ ಜಾಗದಲ್ಲಿ ಚಂಡೆ ಮಾತಾಡುವುದನ್ನು ಕೇಳಿ ಬೆಳೆದವನಿಗೆ ಇದರಲ್ಲಿ ಹೊಸದೇನಿಲ್ಲ. ನನ್ನ ಅಕ್ಕನ ಮಗನ ನುಡಿತದಲ್ಲಿ ಕೊರತೆ ಇದ್ದದ್ದು ಇದೇ ಜಾಗ. ಅವನು ಎಲ್ಲೂ ಬಿಡುತ್ತಿರಲಿಲ್ಲ.

ಇನ್ನು ಹಾಡುಗಾರರಲ್ಲಿ ಆಡಿಸಿದವರೆಂದರೆ ಫ್ರೆಡ್ಡಿ ಮರ್ಕ್ಯುರಿ. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ, ಮಹಾರಾಷ್ಟ್ರದ ಪಂಚಗಣಿಯಲ್ಲಿ ಬೋರ್ಡಿಂಗ್ ಶಾಲೆ ಓದಿದವನು. 1985ರ ಜುಲೈ 13ರಂದು ಲಂಡನಿನ ವೆಂಬ್ಲಿ ಮೈದಾನದಲ್ಲಿ ಲೈವ್ ಏಡ್ ಕಾರ್ಯಕ್ರಮ. ಎದುರಿಗೆ ಸುಮಾರು 72,000 ಜನ. ಅವನ ಕ್ವೀನ್ ತಂಡಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು. ಅದರ ನಡುವೆ ಪದವಿಲ್ಲದ ಬರೀ ಒಂದು ಕೂಗನ್ನು ಫ್ರೆಡ್ಡಿ ಜನರ ಕಡೆ ಎಸೆಯುತ್ತಾನೆ, ಜನ ಅದನ್ನು ಹಾಗೇ ಹಿಂದಕ್ಕೆ ಕೊಡುತ್ತಾರೆ. ಸ್ವಲ್ಪ ತಿರುಚಿ ಕೊಡುತ್ತಾನೆ, ಮತ್ತೆ ಬರುತ್ತದೆ. ಅವನಿಗೆ ಅಗಾಧ ಕಂಠವಿತ್ತು, ಏನು ಬೇಕಾದರೂ ಹಾಡಿ ತೋರಿಸಬಹುದಿತ್ತು. ಸಾಮಾನ್ಯ ಗಂಟಲಿಗೆ ಸಿಗುವಂಥ ಕೂಗನ್ನು ಹುಡುಕಿ ಕೊಟ್ಟ. ವೀಡಿಯೋ ನೋಡುವಾಗ ಅವನ ಬಾಯಿಗಿಂತ ಅವನ ಕಿವಿಯನ್ನು ಗಮನಿಸಿ. ಎಸೆದ ಮೇಲೆ ತಲೆ ಹೇಗೆ ನಿಲ್ಲುತ್ತದೆ, ಹೇಗೆ ಕಾಯುತ್ತಾನೆ ನೋಡಿ.

ಕನ್ನಡದಲ್ಲಿ ಈ ಸಾಲಿಗೆ ನಾನು ಸೇರಿಸುವುದು ಸಿ. ಅಶ್ವಥ್ ಅವರನ್ನು. ಅವರ ಕಂಠ ನಯವಾದದ್ದಲ್ಲ. ಎದೆಯಿಂದ ಕಿತ್ತು ತಂದ ಹಾಗೆ, ಕೆಲವೊಮ್ಮೆ ಹರಿದೇಹೋಗುತ್ತದೇನೋ ಎನ್ನುವ ಹಾಗೆ ಹಾಡುತ್ತಿದ್ದರು. ಶಿಶುನಾಳ ಷರೀಫರ ಪದಗಳು ಮನೆಮನೆಗೆ ಹೋದದ್ದು ಆ ಕಂಠದಲ್ಲಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ನೋಡಿದವರು ಭಾವಗೀತೆಗೆ ಇಷ್ಟು ಜನವೇ ಎಂದು ಬೆರಗಾದರು. ಅದೇ ಷರೀಫರನ್ನು ಆಮೇಲೆ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದಾಗ ಕನ್ನಡ ಬಾರದ ಊರಿನವರೂ ಕುಣಿದರು. ಷರೀಫರ ಪದದೊಳಗೆ ಕೂತ ಕೂಗು ಇಬ್ಬರಿಗೂ ಸಿಕ್ಕಿತ್ತು. ಅದನ್ನು ತೊಳೆದು ಇಸ್ತ್ರಿ ಮಾಡಿ ಹಾಡಿದವರೂ ಇದ್ದಾರೆ. ಅವರ ಹಾಡು ಕೇಳಲು ಚೆನ್ನಾಗಿಯೇ ಇರುತ್ತದೆ, ಎದ್ದು ಹೋಗುವಾಗ ಜೊತೆಗೆ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಭ್ಯಾಸ ಬೇಡ, ಭಾವವಿದ್ದರೆ ಸಾಕು ಎಂದು ಯಾರೂ ತಿಳಿಯಬಾರದು. ತಾಳ ತಪ್ಪುವವನು ಯಾರನ್ನೂ ಆಡಿಸಲಾರ. ಸುಬ್ರಹ್ಮಣ್ಯ ಧಾರೇಶ್ವರರು ಮೇಳಕ್ಕೆ ಎಲೆಕ್ಟ್ರಿಷಿಯನ್ ಆಗಿ ಬಂದು ಭಾಗವತರಾದವರು. ದೀಪದ ಕೆಲಸದಿಂದ ಹಿಮ್ಮೇಳದ ಮಂಚಕ್ಕೆ ಏರುವುದು ಸುಮ್ಮನೆ ಆಗುವುದಿಲ್ಲ. ರಾತ್ರಿ ಎಲ್ಲ ನಿದ್ದೆಗೆಟ್ಟು ಕೇಳಿ, ಹಗಲಿನಲ್ಲಿ ಕಲಿತು, ವರ್ಷಗಟ್ಟಲೆ ಸವೆದು ಬರುವ ವಿದ್ಯೆ ಅದು. 2024ರ ಏಪ್ರಿಲ್‌ನಲ್ಲಿ ಅವರು ಹೋದಾಗ ಕುಂದಾಪುರ, ಬೈಂದೂರಿನ ಕಡೆ ಮನೆಯವರೇ ಹೋದಂತೆ ಜನ ಅತ್ತರು. ಅಭ್ಯಾಸ ಅನ್ನ ಬೇಯುವುದಕ್ಕೆ ಬೇಕಾದ ಬೆಂಕಿ. ಅದಿಲ್ಲದೆ ಅಡುಗೆಯೇ ಇಲ್ಲ. ಆದರೆ ಬಾಳೆ ಎಲೆಯ ಮುಂದೆ ಕೂತವನಿಗೆ ಬೆಂಕಿ ತೋರಿಸುತ್ತ ಕೂರುವುದಲ್ಲ.

ರಜೆ ಮುಗಿಯುವ ಎರಡು ದಿನ ಮೊದಲು ನಮ್ಮ ಮನೆಯ ಹತ್ತಿರದ ಗದ್ದೆಬಯಲಿನಲ್ಲಿ ಹರಕೆ ಆಟವಿತ್ತು. ಹುಡುಗನನ್ನು ಕರೆದುಕೊಂಡು ಹೋಗಿ ಹಿಮ್ಮೇಳದ ಪಕ್ಕಕ್ಕೆ, ಭಾಗವತರ ಕೈ ಕಾಣುವ ಹಾಗೆ ಕೂರಿಸಿದೆ. ತಿರುಗಾಟದ ಕೊನೆಯ ದಿನಗಳು. ಐದಾರು ತಿಂಗಳು ರಾತ್ರಿ ರಾತ್ರಿ ಹಾಡಿದ ಗಂಟಲು. ಭಾಗವತರಿಗೆ ಆ ದಿನ ಸ್ವರ ಒಡೆದಿತ್ತು. ಹೊತ್ತು ಒಂದೂವರೆ ಆಗಿರಬೇಕು, ಯುದ್ಧದ ಸನ್ನಿವೇಶ ಬಂತು. ಏರುಪದ. ಇನ್ನು ಇವರು ಹೇಗೆ ಸುಧಾರಿಸುತ್ತಾರೆ ಎಂದು ನನಗೇ ಆತಂಕವಾಯಿತು. ಅವರು ಮೇಲಿನ ಸ್ವರಕ್ಕೆ ಹೋಗಲೇ ಇಲ್ಲ. ಸಾಲನ್ನು ಕೆಳಗೇ, ಹೆಚ್ಚುಕಡಿಮೆ ಮಾತಿನ ಹಾಗೆ ಎತ್ತಿಕೊಟ್ಟು, ಎಡಕ್ಕೆ ಒಮ್ಮೆ ತಿರುಗಿ ನೋಡಿದರು. ಚಂಡೆಯವನಿಗೆ ಅಷ್ಟು ಸಾಕಾಯಿತು. ಗಂಟಲು ಹೋಗಲಾರದ ಎತ್ತರಕ್ಕೆ ಚಂಡೆ ಹೋಯಿತು. ಆ ಸಣ್ಣ ದನಿ ಕೇಳಿಸಿಕೊಳ್ಳಲು ಬಯಲೆಲ್ಲ ಗಪ್ ಆಯಿತು, ಕಡಲೆ ಮಾರುವವನೂ ಕೈ ನಿಲ್ಲಿಸಿ ನಿಂತ. ಆಗ ವೇಷಧಾರಿಯ ಗೆಜ್ಜೆ ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ಮಣ್ಣಿಗೆ ಪಾದ ತಾಗುವ ಸದ್ದು, ಅದರ ಹಿಂದೆ ಗೆಜ್ಜೆಯ ಸದ್ದು, ಎರಡೂ ಬೇರೆ ಬೇರೆ. ಭಾಗವತರು ಕಣ್ಣು ಆ ಪಾದದಿಂದ ಕೀಳಲೇ ಇಲ್ಲ. ಪ್ರಸಂಗದ ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು.

ಹುಡುಗ ಬೆಳಗಿನವರೆಗೆ ಎದ್ದಿದ್ದ. ಮನೆಗೆ ಬರುವ ದಾರಿಯಲ್ಲಿ, ಆನೆಗುಡ್ಡೆಯ ಕಡೆಯಿಂದ ಬೆಳಗಿನ ಗಂಟೆ ಕೇಳುವ ಹೊತ್ತಿಗೆ, ಒಂದೇ ಮಾತು ಕೇಳಿದ. "ಮಾವ, ಅವರು ತಮ್ಮ ಹಾಡನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ ಅಲ್ವಾ? ಪೂರ್ತಿ ವೇಷಧಾರಿಯ ಕಾಲನ್ನೇ ಕೇಳುತ್ತಿದ್ದರು." ಹೌದು ಎಂದೆ.

ಆ ರಾತ್ರಿ ಗೆಜ್ಜೆ ಕೇಳಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹರಕೆ ಹೊತ್ತ ಮನೆಯವರು ಎರಡೇ ಮೈಕು, ಎರಡೇ ಸ್ಪೀಕರ್ ಪೆಟ್ಟಿಗೆ ಇಡಿಸಿದ್ದರು. ಈಗ ಎಷ್ಟೋ ಆಟಗಳಲ್ಲಿ ಆಳೆತ್ತರದ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಆ ಅಬ್ಬರದಲ್ಲಿ ಭಾಗವತರಿಗೆ ತಮ್ಮ ದನಿ ಬಿಟ್ಟು ಇನ್ನೇನೂ ಕೇಳುವುದಿಲ್ಲ. ಬೇಕೆಂದರೂ ಅವರು ಆಡಿಸುವುದು ಹೇಗೆ? ಗಿಟಾರ್ ತಂಡಗಳ ಕಾರ್ಯಕ್ರಮಗಳಲ್ಲೂ ಇದೇ ಪಾಡು ಎಂದು ಹುಡುಗ ಹೇಳಿದ. ದೀಪಾವಳಿ ಕಳೆದರೆ ಮೇಳಗಳು ಮತ್ತೆ ಹೊರಡುತ್ತವೆ. ಮಂದಾರ್ತಿ, ಮಾರಣಕಟ್ಟೆ, ಸೌಕೂರು ಎಂದು ವರ್ಷಗಟ್ಟಲೆ ಕಾದು ಹರಕೆ ಆಟ ಆಡಿಸುವ ಮನೆಯವರಲ್ಲಿ, ಊರ ಹಬ್ಬಕ್ಕೆ ತಂಡ ಕರೆಸುವ ಯುವಕ ಮಂಡಲದವರಲ್ಲಿ ನನ್ನದೊಂದು ಕೋರಿಕೆ. ಪೆಟ್ಟಿಗೆಗಳನ್ನು ಕಡಿಮೆ ಮಾಡಿ. ರಂಗದ ಮೇಲಿನ ಗೆಜ್ಜೆ ಹಿಮ್ಮೇಳದ ಕಿವಿಗೆ ಕೇಳುವ ಹಾಗೆ ಇಡಿ.